ದಫೇದಾರರ ಝಡತಿ

ಪೊಲೀಸರ ಲಾಠಿಗೆ ಜೋಳದ ರೊಟ್ಟಿಯ ರುಚಿ ಹತ್ತಿ ಒಂದು ತಿಂಗಳಾಗಿತ್ತು.

ದಿನಾ ಬೆಳಿಗ್ಗೆ ಎಂಟಕ್ಕೆ ಟಿನ್ ಫ್ಯಾಕ್ಟರಿಯ ತಿರುವಿನಲ್ಲಿ ಭಗವಂತರಾಯನ ಲಗೇಜ್ ಆಟೋಗೆ ಒಂದು ಕೈ ಅಡ್ಡ ಬರುತ್ತಿತ್ತು. ಕಾರುಗಳು ಹೋಗುತ್ತಿದ್ದವು. ಸಿಟಿ ಬಸ್ಸುಗಳು ಹೋಗುತ್ತಿದ್ದವು. ಕೋಲಾರದ ಟೊಮೆಟೊ ಲಾರಿಗಳು ಹೋಗುತ್ತಿದ್ದವು. ಈ ಮೂರು ಗಾಲಿಯ ಗಾಡಿ ಮಾತ್ರ ನಿಲ್ಲಬೇಕು. ಲೈಸೆನ್ಸ್ ತೋರಿಸಬೇಕು. ಲೈಸೆನ್ಸ್ ಸರಿ ಇದ್ದರೆ ಮುಗಿಯಿತಲ್ಲ? ಮುಗಿಯುತ್ತಿರಲಿಲ್ಲ. ದಫೇದಾರ್ ಮುನಿಶಾಮಿ ಗಾಡಿಯ ಹಿಂದಕ್ಕೆ ಬಂದು, ಸೆಂಟ್ರಿಂಗ್ ಹಲಗೆಗಳ ಮೇಲಿಟ್ಟ ಬುತ್ತಿಯ ಗಂಟಿಗೆ ಲಾಠಿ ತಿವಿಯುತ್ತಿದ್ದ. ಒಳಗೆ ಕಡಕ್ ರೊಟ್ಟಿ ಕಟಕಟ ಮುರಿಯುತ್ತಿತ್ತು. ಆ ಸದ್ದು ಕೇಳಿ ಅವನ ಮುಖದಲ್ಲಿ ಒಂದು ತೃಪ್ತಿ.

ಅದೇ ಲಾಠಿಯಿಂದ ಅವನು ಮೋರಿಯಲ್ಲಿ ಕಟ್ಟಿಕೊಂಡ ಪ್ಲಾಸ್ಟಿಕ್ ಕೆದಕುತ್ತಿದ್ದ. ಬೀದಿ ನಾಯಿ ಓಡಿಸುತ್ತಿದ್ದ. ಬೆನ್ನು ಕೆರೆದುಕೊಳ್ಳುತ್ತಿದ್ದ.

ಯಂಕಮ್ಮ ನಾಲ್ಕು ಗಂಟೆಗೆ ಎದ್ದು ಆ ರೊಟ್ಟಿ ಬಡಿಯುತ್ತಿದ್ದಳು. ಹಗಲೆಲ್ಲಾ ಸಿಮೆಂಟು ಕಲಸಿ ಅಂಗೈ ಬಿರಿದಿತ್ತು. ಬಿರಿದ ಕೈಗೆ ಬಿಸಿ ಹಿಟ್ಟು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಬಡಿಯುತ್ತಿದ್ದಳು. ಹನ್ನೊಂದು ಗಂಟೆಗೆ ಸೈಟಿನಲ್ಲಿ ಗಂಟು ಬಿಚ್ಚಿದರೆ ಒಳಗೆ ಪುಡಿ. ಪುಡಿಯನ್ನೇ ಪಲ್ಯಕ್ಕೆ ಹಾಕಿಕೊಂಡು ನೆಕ್ಕಿ, ಮತ್ತೆ ಬಾಂಡ್ಲಿ ಹೊತ್ತು ಮೂರು ಅಂತಸ್ತು ಹತ್ತಬೇಕು. ಮೇಸ್ತ್ರಿ ನಗುತ್ತಿದ್ದ. "ಏನ್ ಯಂಕಮ್ಮಾ, ಇವತ್ತೂ ಮಂಡಕ್ಕಿನಾ?"

ಭಗವಂತರಾಯ, ಯಂಕಮ್ಮ ಗುಲ್ಬರ್ಗಾ ಜಿಲ್ಲೆಯ ಶಹಾಪುರದ ಕಡೆಯವರು. ಬೆಂಗಳೂರಿಗೆ ಬಂದು ಆರು ವರ್ಷ. ಗಂಡ ಗಾಡಿ ಓಡಿಸುತ್ತಿದ್ದ. ಹಿಂದೆ ಹಲಗೆ, ಸಲಿಕೆ, ಬಾಂಡ್ಲಿಗಳ ಮೇಲೆ ಹೆಂಡತಿ ಮತ್ತು ಪಕ್ಕದ ಕೋಣೆಯ ಉಮಾಶ್ರೀ ಕೂರುತ್ತಿದ್ದರು. ಸಾಮಾನಿನ ಗಾಡಿಯಲ್ಲಿ ಜನ ಕೂರುವುದು ತಪ್ಪು, ಅದು ಯಂಕಮ್ಮನಿಗೆ ಗೊತ್ತಿತ್ತು. ಆ ತಪ್ಪಿಗೆ ದಂಡ ಹಾಕಿ ರಶೀದಿ ಹರಿದುಕೊಟ್ಟರೆ ಅವಳು ತಕರಾರು ಮಾಡುವವಳಲ್ಲ. ಆದರೆ ಮುನಿಶಾಮಿಗೆ ರಶೀದಿ ಬೇಕಿರಲಿಲ್ಲ. ಅವನಿಗೆ ಕಳ್ಳ ಬೇಕಿದ್ದ.

ವಿಮಾನಪುರದ ಕಡೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅಲ್ಲಿ ತಾಮ್ರದ ತಂತಿ ಕಳುವಾಗುತ್ತಿತ್ತು. ಕಟ್ಟಿಸುವವರು ದೊಡ್ಡವರು. ದೊಡ್ಡವರ ತಂತಿ ಕಳೆದರೆ ಸಣ್ಣವರು ಸಿಗಬೇಕು. ನಾಲ್ಕು ತಿಂಗಳ ಹಿಂದೆ ಸಿಕ್ಕವನು ಉಮಾಶ್ರೀಯ ಗಂಡ ಲಕ್ಷ್ಮಿಕಾಂತ. ಇದೇ ತಿರುವಿನಲ್ಲಿ ಅವನ ಹಳೇ ಮೊಪೆಡ್ ನಿಲ್ಲಿಸಿದರು, ಚೀಲಕ್ಕೆ ಕೈ ಹಾಕಿದರು, ತಂತಿ ತೆಗೆದರು. ಲಕ್ಷ್ಮಿಕಾಂತ ಆ ಅಪಾರ್ಟ್‌ಮೆಂಟಿನಲ್ಲಿ ಇಟ್ಟಿಗೆ ಹೊರುವವನು. ತಂತಿಯ ಕೋಣೆ ಯಾವ ದಿಕ್ಕಿಗಿದೆ ಎಂದೂ ಅವನಿಗೆ ಗೊತ್ತಿರಲಿಲ್ಲ. ಈಗ ಜೈಲಿನಲ್ಲಿದ್ದಾನೆ. ತಂತಿ ಮಾತ್ರ ಇನ್ನೂ ಕಳುವಾಗುತ್ತಲೇ ಇತ್ತು. ಅಂದರೆ ಇನ್ನೊಬ್ಬ ಬೇಕು.

ಆದ್ದರಿಂದ ಯಂಕಮ್ಮನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಮುರಿಯುವ ರೊಟ್ಟಿಗಲ್ಲ. ಗಂಟಿನೊಳಗೆ ಕೈ ಹಾಕುವವನು ಬರಿಗೈಯಲ್ಲಿ ಬಂದಿದ್ದಾನೆಯೇ ಅನ್ನುವುದಕ್ಕೆ. ಇವತ್ತು ನನ್ನ ಗಂಡ ಒಳಗೆ ಹೋದರೆ ಗಾಡಿ ಹೋಯಿತು, ಮನೆ ಹೋಯಿತು, ಊರಿನಲ್ಲಿ ಮುಖ ಹೋಯಿತು ಎಂದು ಅವಳು ದಿನಾ ಆ ತಿರುವಿನಲ್ಲಿ ಅಂದುಕೊಳ್ಳುತ್ತಿದ್ದಳು.

ಇದಕ್ಕೆ ಮದ್ದು ಏನೆಂದು ಅವಳಿಗೆ ಗೊತ್ತಿತ್ತು. ಅದೇ ತಮಾಷೆ. ಓದು ಬರಹ ಬಾರದ ಯಂಕಮ್ಮನಿಗೆ ಪೊಲೀಸರ ಕೆಲಸ ಪೊಲೀಸರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳಪ್ಪ ಊರಿನ ವಾಲೀಕಾರ. ಪೊಲೀಸ್ ಫೌಜದಾರ ಊರಿಗೆ ಬಂದರೆ ಅವನ ಚೀಲ ಹೊರುವವನು, ಅವನ ಕುದುರೆಗೆ, ಆಮೇಲೆ ಅವನ ಜೀಪಿಗೆ ನೀರು ತರುವವನು. ಯಾರ ಮನೆಯನ್ನಾದರೂ ಶೋಧಿಸಬೇಕಾದರೆ ಫೌಜದಾರ ಮೊದಲು ಹೊಸ್ತಿಲ ಹೊರಗೆ ನಿಲ್ಲುತ್ತಿದ್ದ. ಎರಡೂ ಕೈ ಮೇಲೆತ್ತುತ್ತಿದ್ದ. ಕಿಸೆಗಳನ್ನು ಹೊರಗೆ ಎಳೆದು ತೋರಿಸುತ್ತಿದ್ದ. "ನೋಡ್ರಿ, ನಾ ಏನೂ ತಂದಿಲ್ಲ. ನಿಮ್ಮ ಮನ್ಯಾಗ ಏನರ ಸಿಕ್ಕರ ಅದು ನಿಮ್ದು" ಎನ್ನುತ್ತಿದ್ದ. ಸಾಕ್ಷಿಗೆ ಇಬ್ಬರು ಪಂಚರು ನೋಡಬೇಕು, ಅವರೂ ತಮ್ಮ ಕಿಸೆ ತೋರಿಸಬೇಕು. ಎಲ್ಲಾ ಮುಗಿದ ಮೇಲೆ ಕಂಡದ್ದರ ಪಂಚನಾಮೆ ಬರೆದು ಓದಿ ಹೇಳಬೇಕು. ಮೈ ಶೋಧಿಸಿ ತೋರಿಸುವ ಈ ಕೆಲಸಕ್ಕೆ ಆ ಕಡೆ ಝಡತಿ ಎನ್ನುತ್ತಾರೆ.

ಆದರೆ ಈ ಮರ್ಯಾದೆಯೆಲ್ಲ ಗೌಡರ ಮನೆಗೆ, ಸಾಹುಕಾರರ ಮನೆಗೆ. ಊರ ಹೊರಗಿನ ಕೇರಿಗೆ ಬಂದಾಗ ಅದೇ ಫೌಜದಾರ ಬೂಟುಗಾಲಿನಲ್ಲಿ ನೇರ ಒಳಗೆ ನುಗ್ಗುತ್ತಿದ್ದ. ಅವನ ಚೀಲ ಹೊತ್ತ ಅಪ್ಪನ ಮನೆಗೂ ಹಾಗೇ ನುಗ್ಗಿದ್ದ. ಚಿಕ್ಕ ಯಂಕಮ್ಮ ಮೂಲೆಯಲ್ಲಿ ನಿಂತು ನೋಡಿದ್ದಳು. "ಯಪ್ಪಾ, ನಮಗ್ಯಾಕ ಝಡತಿ ಕೊಡಲಿಲ್ಲ?" ಎಂದು ಕೇಳಿದ್ದಕ್ಕೆ ಅಪ್ಪ ಕಪಾಳಕ್ಕೆ ಒಂದು ಕೊಟ್ಟಿದ್ದ. ಹೊಡೆದದ್ದು ಸಿಟ್ಟಿಗಲ್ಲ, ಹೆದರಿಕೆಗೆ.

ಆ ಸೋಮವಾರ ಮುನಿಶಾಮಿಯ ವರಸೆ ಬೇರೆ ಇತ್ತು. ಗಾಡಿ ನಿಲ್ಲಿಸಿದ, ಲೈಸೆನ್ಸ್ ಕೇಳಲಿಲ್ಲ. ಲಾಠಿ ಕಂಕುಳಲ್ಲಿತ್ತು, ಕೈಯಲ್ಲಿ ಮಡಚಿದ ಕಾಗದ ಇತ್ತು. ಪಕ್ಕದಲ್ಲಿ ಅವನ ಕಾನ್ಸ್‌ಟೇಬಲ್ ಬೈಕಿಗೆ ಒರಗಿ ನಿಂತಿದ್ದ. ಬೈಕಿನ ಎಡಕ್ಕೆ ಒಂದು ದಪ್ಪ ಚೀಲ ಜೋತುಬಿದ್ದಿತ್ತು. ಮುನಿಶಾಮಿ ಎದುರಿನ ಟೀ ಅಂಗಡಿಯತ್ತ ತಿರುಗಿ ಕೂಗಿದ.

"ಮುನಿರಾಜಪ್ನೋರೇ, ಬನ್ನಿ ಸ್ವಲ್ಪ. ಒಂದ್ ಸೈನು."

ಮುನಿರಾಜಪ್ಪ ಆ ಕಡೆಯ ಹಳೇ ಊರಿನವರು. ಒಂದು ಕಾಲಕ್ಕೆ ರಾಗಿ ಬೆಳೆದ ಹೊಲದಲ್ಲಿ ಈಗ ಶೀಟಿನ ಕೋಣೆಗಳನ್ನು ಬೆಳೆದಿದ್ದರು. ಭಗವಂತರಾಯ, ಉಮಾಶ್ರೀ ಎಲ್ಲರೂ ಅವರದೇ ಬಾಡಿಗೆದಾರರು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಟೀ ಅಂಗಡಿಯ ಬೆಂಚು ಅವರ ಕಚೇರಿ. ಪೊಲೀಸರಿಗೆ ಗೌರವಸ್ಥ ಸ್ಥಳೀಯ ಸಾಕ್ಷಿ ಬೇಕಾದಾಗಲೆಲ್ಲಾ ಅವರನ್ನು ಕರೆಯುತ್ತಿದ್ದರು. ಅವರು ಬರುತ್ತಿದ್ದರು, ತೋರಿಸಿದ ಜಾಗಕ್ಕೆ ಸಹಿ ಹಾಕುತ್ತಿದ್ದರು, ಪೊಲೀಸರ ಲೆಕ್ಕದಲ್ಲಿ ಇನ್ನೊಂದು ಟೀ ಕುಡಿಯುತ್ತಿದ್ದರು. ಹತ್ತು ವರ್ಷದಿಂದ ಹೀಗೆ ಸಹಿ ಹಾಕುತ್ತಾ ಬಂದ ಅವರು ಒಂದು ದಿನವೂ ಕನ್ನಡಕ ತಂದವರಲ್ಲ.

ಯಂಕಮ್ಮ ಕಾಗದ ನೋಡಿದಳು. ಮುನಿರಾಜಪ್ಪನವರು ಬರುವುದನ್ನು ನೋಡಿದಳು. ಬೈಕಿನ ಚೀಲ ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಿರಲಿಲ್ಲ. ಪಕ್ಕದಲ್ಲಿ ಉಮಾಶ್ರೀ ಅವಳ ಸೆರಗು ಹಿಡಿದುಕೊಂಡಳು.

"ಇಳೀರಿ ಕೆಳಗೆ. ಗಾಡಿ ಚೆಕ್ ಮಾಡ್ಬೇಕು" ಎಂದ ಮುನಿಶಾಮಿ.

ಯಂಕಮ್ಮ ಇಳಿದಳು. ಇಳಿದು ಗಂಟಿನ ಮುಂದೆ ನಿಂತಳು.

"ಸಾಹೇಬ್ರ, ಮೊದಲ ನೀವು ಝಡತಿ ಕೊಡ್ರಿ."

"ಏನು?"

"ಝಡತಿ ಕೊಡ್ರಿ. ಆಮ್ಯಾಲ ಗಾಡಿ ಮುಟ್ರಿ."

ಬೆಂಗಳೂರಿನ ಕಿವಿಗೆ ಜಡಿಯುವುದು ಅಂದರೆ ಒಂದೇ ಅರ್ಥ. ಚೆನ್ನಾಗಿ ಬಾರಿಸುವುದು. ಮುನಿಶಾಮಿಯ ಮೀಸೆ ಎದ್ದು ನಿಂತಿತು.

"ಜಡಿತೀನಿ ಅಂದ್ಯಾ? ಡ್ಯೂಟಿ ಮೇಲಿರೋ ಪೊಲೀಸ್ನೋರಿಗೆ ಜಡಿತೀಯಾ? ಲೇ, ಕೇಳಿಸ್ಕೊಂಡ್ಯೇನೋ?"

"ಕೇಳಿಸ್ತು ಸಾರ್. ಜಡಿತೀನಿ ಅಂದ್ಲು ಸಾರ್" ಎಂದ ಕಾನ್ಸ್‌ಟೇಬಲ್.

ಭಗವಂತರಾಯ ಸೀಟಿನಿಂದ ಹಾರಿ ಬಂದ. "ಜಡಿಯೂದಲ್ರಿ ಸಾಹೇಬ್ರ, ಝಡತಿ. ನಮ್ಮ ಕಡಿ ಮಾತ್ರಿ ಅದು. ಏ, ಸುಮ್ಮ ಕುಂದ್ರಬೇ, ನಿನ್ನ ಕೈ ಮುಗೀತೀನಿ."

"ನಿಮ್ ಕಡೆ ಪೊಲೀಸ್ನೋರಿಗೆ ಜಡಿತಾರೇನೋ? ಬಾ ಸ್ಟೇಷನ್‌ಗೆ, ಯಾರು ಯಾರಿಗೆ ಜಡಿತಾರೆ ನೋಡೋಣ."

"ಝಡತಿ!" ಯಂಕಮ್ಮ ದನಿ ಏರಿಸಿದಳು. ಕಿವುಡರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು. "ಝ. ಡ. ತಿ."

ಜನ ಸೇರತೊಡಗಿದರು. ಟಿನ್ ಫ್ಯಾಕ್ಟರಿಯಲ್ಲಿ ಜನ ಸೇರಲು ನೆಪ ಬೇಕೇ? ಬಸ್ಸಿಗೆ ಕಾದವರು ಬಸ್ಸು ಬಿಟ್ಟರು. ಆಟೋದವರು ಇಂಜಿನ್ ನಿಲ್ಲಿಸಿದರು. ಶಿವಾಜಿನಗರದಿಂದ ದಿನಾ ಬಂದು ತಳ್ಳುಗಾಡಿಯಲ್ಲಿ ಸೀಬೆಹಣ್ಣು ಮಾರುವ ಸಾಬಿರಾ ತಕ್ಕಡಿ ಕೈಯಲ್ಲಿ ಹಿಡಿದೇ ಬಂದಳು. ಎರಡು ನಿಮಿಷ ಕೇಳಿಸಿಕೊಂಡಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅರೆ ಸಾಬ್, ಝಡತಿ ಬೋಲೆ ತೋ ತಲಾಶಿ! ಹೊಡೆಯೋದಲ್ಲ. ಮೊದ್ಲು ನಿಮ್ದು ತಲಾಶಿ ಕೊಡಿ ಅಂತವ್ಳೆ."

"ನಂದಾ?" ಎಂದ ಮುನಿಶಾಮಿ.

"ಹೌದ್ರಿ, ನಿಮ್ದ" ಎಂದಳು ಯಂಕಮ್ಮ. "ಕಿಸೆ ತೋರಸ್ರಿ. ಆ ಪೊಲೀಸಪ್ಪಂದೂ ತೋರಸ್ರಿ. ಬೈಕಿನ ಚೀಲನೂ ತೋರಸ್ರಿ. ನಿಮ್ಮ ಕೈಯಾಗ ಏನೂ ಇಲ್ಲಂತ ಮಂದಿ ನೋಡ್ಲಿ. ಆಮ್ಯಾಲ ನನ್ನ ಗಂಟು ಬಿಚ್ರಿ. ಬ್ಯಾಡಂದವರು ಯಾರು?"

ಜನರಿಗೆ ಈ ಮಾತು ಬಲು ರುಚಿಸಿತು. ಪೊಲೀಸಿನವನ ಜೇಬು! ಅದನ್ನು ಒಳಗಿನಿಂದ ನೋಡಿದವರು ಅಲ್ಲಿ ಯಾರೂ ಇರಲಿಲ್ಲ. ಅದರೊಳಕ್ಕೆ ಹೋದದ್ದನ್ನು ಮಾತ್ರ ಎಲ್ಲರೂ ನೋಡಿದ್ದರು.

ಮುನಿಶಾಮಿಗೆ ಬೆವರು ಬಂತು. ಬೇಗ ಮುಗಿಸಬೇಕು. ಕಾಗದವನ್ನು ಗಾಡಿಯ ಸೀಟಿನ ಮೇಲಿಟ್ಟು ಮುನಿರಾಜಪ್ಪನವರ ಕೈಗೆ ಪೆನ್ನು ಕೊಟ್ಟ. ಎರಡನೇ ಸಾಕ್ಷಿಗೆ ಸುತ್ತ ನೋಡಿದ. ಬಸ್ ನಿಲ್ದಾಣದಲ್ಲಿ ಮುನಿರಾಜಪ್ಪನವರ ಹೆಂಡತಿ ರಾಮಲಕ್ಷ್ಮಮ್ಮ ನಿಂತಿದ್ದರು. ಮೊಮ್ಮಗಳ ನಾಮಕರಣಕ್ಕೆ ಹೂವು ತರಲು ರಸೆಲ್ ಮಾರ್ಕೆಟ್ಟಿಗೆ ಹೊರಟವರು. ಕೊರಳಲ್ಲಿ ಕನ್ನಡಕ ತೂಗುತ್ತಿತ್ತು.

"ಅಕ್ಕಾ, ನೀವೂ ಒಂದ್ ಸೈನ್ ಹಾಕ್ಬಿಡಿ. ಯಜಮಾನ್ರು ಹಾಕ್ತವ್ರೆ."

ಇದು ಮುನಿಶಾಮಿಯ ಆಯುಷ್ಯದಲ್ಲೇ ದೊಡ್ಡ ತಪ್ಪು. ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ರಾಮಲಕ್ಷ್ಮಮ್ಮ ಐದನೇ ಕ್ಲಾಸು ಓದಿದವರು, ಓದಿದ್ದನ್ನು ಬಿಡದವರು. ಕರೆಂಟ್ ಬಿಲ್ಲನ್ನು ಹಿಂದೆ ಮುಂದೆ ಓದುತ್ತಿದ್ದರು. ಮದುವೆ ಪತ್ರಿಕೆಯನ್ನು ಪ್ರೆಸ್ಸಿನ ಫೋನ್ ನಂಬರಿನ ತನಕ ಓದುತ್ತಿದ್ದರು. ಬಾಡಿಗೆದಾರರ ಮೇಲೆ ಅವರಿಗೇನೂ ಪ್ರೀತಿ ಉಕ್ಕುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದಿಗೆ ನಿದ್ದೆ ಕೆಡುತ್ತದೆ ಎಂದು ಯಂಕಮ್ಮನಿಗೆ ಅವರು ಬೈಯದ ವಾರವಿಲ್ಲ. ಆದರೆ ತನ್ನ ಹೆಸರು ಹಾಕುವ ಕಾಗದವನ್ನು ಓದದೆ ಇರುವುದು ಅವರಿಂದ ಆಗದ ಕೆಲಸ.

ಕನ್ನಡಕ ಏರಿಸಿದರು. ಕಾಗದ ಎತ್ತಿದರು.

"ಓದೋದೇನಿಲ್ಲಕ್ಕ, ಸುಮ್ನೆ ಮಹಜರು" ಎಂದ ಮುನಿಶಾಮಿ.

"ಓದ್ರಿ ಅಮ್ಮಾರ, ಜೋರಾಗಿ ಓದ್ರಿ" ಎಂದಳು ಯಂಕಮ್ಮ. "ಪಂಚನಾಮಿ ಓದಿ ಹೇಳಬೇಕು. ಕಾನೂನು ಅದ."

ರಾಮಲಕ್ಷ್ಮಮ್ಮ ಗಂಟಲು ಸರಿಮಾಡಿಕೊಂಡರು. ಇಷ್ಟು ಜನ ಕೇಳುಗರು ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

"ಈ ದಿನ ಬೆಳಿಗ್ಗೆ ಎಂಟು ಮೂವತ್ತು ಗಂಟೆಗೆ, ಟಿನ್ ಫ್ಯಾಕ್ಟರಿ ವೃತ್ತದ ಬಳಿ, ಪಂಚರಾದ ನಮ್ಮ ಸಮಕ್ಷಮದಲ್ಲಿ... ಅಯ್ಯೋ, ಟೈಮೆಷ್ಟಪ್ಪ ಈಗ?"

"ಎಂಟೂ ಹತ್ತಕ್ಕ" ಎಂದ ಒಬ್ಬ ಆಟೋದವನು.

"ಇದ್ರಲ್ಲಿ ಎಂಟೂವರೆ ಅಂತೈತೆ."

"ಗಡಿಯಾರ ಮುಂದಿರ್ಬೇಕು ಬಿಡಿ. ಸೈನ್ ಹಾಕಿ" ಎಂದ ಮುನಿಶಾಮಿ.

"ಇರಪ್ಪಾ. ಪೊಲೀಸ್ ಸಿಬ್ಬಂದಿಯವರು ಮೊದಲಿಗೆ ತಮ್ಮ ಅಂಗಶೋಧನೆಯನ್ನು ವಾಹನದ ಚಾಲಕನಾದ ಭಗವಂತರಾಯನಿಗೆ ನೀಡಿ, ತಮ್ಮ ಬಳಿ ಯಾವುದೇ ಆಕ್ಷೇಪಾರ್ಹ ವಸ್ತು ಇರುವುದಿಲ್ಲವೆಂದು ಖಾತ್ರಿಪಡಿಸಿ..."

"ಅದ ಝಡತಿ!" ಯಂಕಮ್ಮ ಚಪ್ಪಾಳೆ ತಟ್ಟಿದಳು. "ಅದನ್ನ ಕೇಳ್ಲಾಕತ್ತೀನಿ ನಾ. ಅವರ ಕಾಗದದಾಗ ಅದ, ನೋಡ್ರಿ. ನಾ ಕೇಳಿದ್ರ ಹೊಡಿಯಾಕ ಬಂದ್ಲು ಅಂತಾರ."

"ತದನಂತರ ವಾಹನವನ್ನು ಶೋಧಿಸಲಾಗಿ, ಊಟದ ಗಂಟಿನ ಅಡಿಯಲ್ಲಿ ಬಚ್ಚಿಟ್ಟಿದ್ದ, ಸುಮಾರು ಏಳು ಕಿಲೋ ತೂಕದ ತಾಮ್ರದ ತಂತಿಯ ಸುರುಳಿಯು ದೊರೆತಿದ್ದು..."

ರಾಮಲಕ್ಷ್ಮಮ್ಮ ನಿಲ್ಲಿಸಿದರು. ಕನ್ನಡಕದ ಮೇಲಿನಿಂದ ಮುನಿಶಾಮಿಯನ್ನು ನೋಡಿದರು. ಗಂಟು ನೋಡಿದರು. ಗಂಟು ಇನ್ನೂ ಕಟ್ಟಿದ ಹಾಗೇ ಇತ್ತು.

"ದೊರೆತಿದ್ದು ಅಂತೈತಲ್ಲಪ್ಪ. ಯಾವಾಗ ದೊರೀತು?"

"ಎಂಟೂವರೆಗೆ ದೊರೀತದಕ್ಕ! ಇನ್ನೂ ಇಪ್ಪತ್ ನಿಮಿಷ ಐತೆ" ಎಂದು ಆಟೋದವನು ಕೂಗಿದ.

ನಗು ಹಳೇ ಮದ್ರಾಸ್ ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಯಿತು. ಬಸ್ಸಿನ ಕಿಟಕಿಯಿಂದಲೂ ನಕ್ಕರು. ನಗದೇ ಇದ್ದವಳು ಉಮಾಶ್ರೀ ಒಬ್ಬಳೇ. ಅವಳು ಆ ಕಾಗದವನ್ನೇ ನೋಡುತ್ತಿದ್ದಳು.

ಮುನಿಶಾಮಿ ಕೈ ಚಾಚಿದ. "ಅದು ಬೇರೆ ಕೇಸಿಂದಕ್ಕ. ತಪ್ಪಾಗಿ ಬಂದೈತೆ. ಕೊಡಿ ಇಲ್ಲಿ."

"ಭಗವಂತರಾಯ ಅಂತ ಹೆಸರೈತೆ. ಗಾಡಿ ನಂಬರೈತೆ. ಕೆಳಗೆ ನನ್ನ ಕೈಲಿ ಸೈನ್ ಹಾಕುಸ್ಬೇಕು ಅಂತಿದ್ದೆ ನೀನು. ನನ್ ಹೆಸ್ರಲ್ಲಿ ಸುಳ್ಳು ಬರೀತೀಯೇನಪ್ಪಾ?" ರಾಮಲಕ್ಷ್ಮಮ್ಮ ಕಾಗದ ಮಡಚಿ ಕೈಚೀಲದೊಳಗೆ ಹಾಕಿ, ಜಿಪ್ ಎಳೆದು, ಚೀಲವನ್ನು ಕಂಕುಳಲ್ಲಿ ಇರುಕಿಕೊಂಡರು. ಅಲ್ಲಿಂದ ಅದನ್ನು ತೆಗೆಯಬಲ್ಲ ಗಂಡಸು ಕೆ.ಆರ್. ಪುರದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮುನಿಶಾಮಿ ಭಗವಂತರಾಯನತ್ತ ತಿರುಗಿ ಕೈ ಬೀಸಿದ. "ಹೋಗೋ, ಹೋಗು. ಗಾಡಿ ತೆಗಿ. ಟ್ರಾಫಿಕ್ ಜಾಮ್ ಆಗ್ತೈತೆ."

ಭಗವಂತರಾಯನಿಗೆ ಅಷ್ಟೇ ಬೇಕಿತ್ತು. ಓಡಿ ಸೀಟಿನಲ್ಲಿ ಕೂತು ಗಾಡಿ ಚಾಲೂ ಮಾಡಿದ. ಹೋಗೋಣ ಎನ್ನುವಂತೆ ಹೆಂಡತಿಯನ್ನು ನೋಡಿದ.

ಯಂಕಮ್ಮ ಗಾಡಿಯ ಮುಂದೆ ಬಂದು ನಿಂತಳು.

"ಹೋಗಲ್ರಿ."

"ಏನಮ್ಮಾ ನಿಂದು? ಬಿಟ್ಟಿದೀನಲ್ಲ, ಹೋಗು."

"ಬಿಡಲಾಕ ನಾ ಏನು ಕಳುವು ಮಾಡೀನೇನ್ರಿ? ಇವತ್ತ ಬಿಡ್ತೀರಿ. ನಾಳಿ ಮಂದಿ ಇರಲ್ಲ, ನಾಳಿ ಹಿಡೀತೀರಿ. ಒಂದು ತಿಂಗಳಾತು ನನ್ನ ರೊಟ್ಟಿಗಿ ತಿವೀಲಾಕತ್ತೀರಿ. ಅದಕ್ಕ ಕಾರಣ ಏನಂತ ಒಂದು ದಿನ ಬರದೀರಾ? ಇಲ್ಲ. ಇವತ್ತ ನಮ್ಮ ಝಡತಿ ಆಗಬೇಕು. ನಿಮ್ದೂ ಆಗಬೇಕು. ಏನು ಸಿಕ್ತು ಅಂತ ಬರದು, ಸಹಿ ಹಾಕಿ, ಒಂದು ಕಾಪಿ ನನ್ನ ಕೈಯಾಗ ಕೊಡಬೇಕು. ಅಲ್ಲಿ ತನಕ ಈ ಗಾಡಿ ಇಲ್ಲಿಂದ ಏಳಲ್ಲ."

ಬಿಟ್ಟರೆ ಸಾಕೆಂದು ಓಡುವವರನ್ನು ಮುನಿಶಾಮಿ ನೋಡಿದ್ದ. ಬಿಡುತ್ತೇನೆಂದರೂ ಹೋಗದೆ ನಿಂತವಳು ಇವಳೇ ಮೊದಲು. ಹಿಂದೆ ಲಾರಿಗಳು ಹಾರ್ನು ಹೊಡೆಯುತ್ತಿದ್ದವು. ಮುಂದೆ ಐವತ್ತು ಜನ. ಕಂಕುಳಲ್ಲಿ ಕಾಗದ ಇರುಕಿಕೊಂಡ ರಾಮಲಕ್ಷ್ಮಮ್ಮ ಬೇರೆ.

"ಕೊಟ್ಬಿಡಪ್ಪ ಅದೇನ್ ಝಡತಿನೋ. ನಂಗೆ ಬಸ್ಸಿಗೆ ಹೊತ್ತಾಯ್ತು" ಎಂದರು ರಾಮಲಕ್ಷ್ಮಮ್ಮ.

ಮುನಿಶಾಮಿ ಬಲಜೇಬಿಗೆ ಕೈ ಹಾಕಿದ. ಮೊದಲು ಬಂದದ್ದು ಬಾಚಣಿಗೆ. ಆಮೇಲೆ ಒಂದು ಲೈಸೆನ್ಸ್. ಮತ್ತೊಂದು ಲೈಸೆನ್ಸ್. ಇನ್ನೂ ಮೂರು.

"ಅದು ನಂದು ಸಾರ್! ಶುಕ್ರವಾರ ಕಿತ್ಕೊಂಡಿದ್ರಿ!" ಆಟೋದವನು ಮುಂದೆ ಬಂದ.

"ತಗೋ" ಎಂದಳು ಯಂಕಮ್ಮ. ಮುನಿಶಾಮಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಆಟೋದವನು ತೆಗೆದುಕೊಂಡಾಗಿತ್ತು.

ಎಡಜೇಬಿನಿಂದ ಯಾರದೋ ಮೊಪೆಡ್ಡಿನ ಕೀ, ಅರ್ಧ ಪೊಟ್ಟಣ ಕಡ್ಲೇಕಾಯಿ ಬೀಜ, ಲಾಟರಿ ಟಿಕೆಟ್ಟು, ಎರಡು ಸೀಬೆಹಣ್ಣು ಬಂದವು.

"ಸೀಬೆ ನನ್ದು" ಎಂದಳು ಸಾಬಿರಾ. "ಇರ್ಲಿ ಸಾಬ್, ತಿನ್ನಿ. ಕೇಳಿ ತಗೊಂಡಿದ್ರೆ ಇನ್ನೊಂದ್ ಕೊಡ್ತಿದ್ದೆ."

"ಮೇಲೆ ಕೈ ಎತ್ರಿ" ಎಂದಳು ಯಂಕಮ್ಮ. ಮುನಿಶಾಮಿ ಎತ್ತಿದ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಬೇರೆಯವರ ಕೈ ಮೇಲೆತ್ತಿಸಿದ್ದವನು. ತನ್ನ ಕೈ ಮೇಲೆತ್ತಿದಾಗ ಅಂಗಿಯ ಕಂಕುಳು ಹರಿದಿರುವುದು ಎಲ್ಲರಿಗೂ ಕಂಡಿತು. ಒಂದು ಕ್ಷಣ ಯಂಕಮ್ಮನಿಗೆ ಅಯ್ಯೋ ಅನಿಸಿತು. ಒಂದು ತಿಂಗಳ ಪುಡಿ ರೊಟ್ಟಿ ನೆನಪಾಗಿ ಅದು ಹೋಯಿತು.

"ಆ ಬೈಕಿಂದು?" ಎಂದು ಅವಳು ತಿರುಗುವಷ್ಟರಲ್ಲಿ ಕಾನ್ಸ್‌ಟೇಬಲ್ ಒದ್ದು ಇಂಜಿನ್ ಚಾಲೂ ಮಾಡಿದ್ದ. "ಅರ್ಜೆಂಟ್ ಡ್ಯೂಟಿ ಸಾರ್!" ಎಂದು ಕೂಗಿದವನೇ ಜನರ ನಡುವೆ ದಾರಿ ಮಾಡಿಕೊಂಡು ಹೊರಟ. ಚೀಲದ ಭಾರಕ್ಕೆ ಬೈಕು ಎಡಕ್ಕೇ ವಾಲುತ್ತಿತ್ತು.

"ಏಳು ಕಿಲೋ ಹೋಯ್ತು ನೋಡ್ರಪ್ಪೋ!" ಎಂದು ಯಾರೋ ಕೂಗಿದರು. ಜನ ಸಿಳ್ಳೆ ಹೊಡೆದು ಕಳುಹಿಸಿಕೊಟ್ಟರು.

"ಆತಲ್ಲ" ಎಂದಳು ಯಂಕಮ್ಮ. "ಈಗ ನಮ್ದು. ಬಿಚ್ರಿ ಗಂಟು."

ಮುನಿಶಾಮಿ ಅಭ್ಯಾಸಬಲದಿಂದ ಲಾಠಿ ಮುಂದೆ ಮಾಡಿದ. ಯಂಕಮ್ಮ ಲಾಠಿಯ ತುದಿ ಹಿಡಿದು ಪಕ್ಕಕ್ಕೆ ಸರಿಸಿದಳು.

"ಕೋಲಿನಿಂದಲ್ಲ. ಕೈಯಿಂದ."

ಅವನು ಕೈ ಚಾಚಿದ.

"ತೊಳಕೊಂಡು ಬರ್ರಿ."

ಯಂಕಮ್ಮನ ಊರಿನಲ್ಲಿ ಅವಳ ನೆರಳು ಬಿದ್ದರೆ ಕೊಡ ತೊಳೆಯುತ್ತಿದ್ದರು. ಅವಳು ಮುಟ್ಟಿದ ಲೋಟವನ್ನು ದೂರ ಇಡುತ್ತಿದ್ದರು. ಮೂವತ್ತೈದು ವರ್ಷ ಬೇರೆಯವರ ಬಾಯಲ್ಲಿ ಕೇಳಿದ ಮಾತನ್ನು ಅವಳು ಮೊದಲ ಸಲ ತಾನು ಆಡಿದಳು.

"ಮೋರಿ ಕೆದಕಿದ ಕೈಯದು. ನಾವು ಉಣ್ಣೂ ಅನ್ನ ಇದು. ತೊಳಕೊಂಡು ಮುಟ್ರಿ."

ಮುನಿಶಾಮಿ ಟೀ ಅಂಗಡಿಗೆ ಹೋದ. ಲೋಟ ತೊಳೆಯುವ ಬಕೆಟ್ಟಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೈ ತೊಳೆದ. ಸಾಬಿರಾ ಸೋಪು ಕೊಡಿಸಿದಳು. ಒರೆಸಿಕೊಂಡು ಬಂದು ಗಂಟು ಬಿಚ್ಚಿದ. ಬಿಚ್ಚಲು ಅವನಿಗೆ ಬರಲಿಲ್ಲ, ಎರಡು ಸಲ ಎಳೆದು ಬಿಗಿ ಮಾಡಿದ. ಕೊನೆಗೆ ಬಿಚ್ಚಿತು. ರೊಟ್ಟಿಗಳು ಇಡಿಯಾಗಿ ಇದ್ದವು.

ಉಮಾಶ್ರೀಯೂ ಇಳಿದ ಮೇಲೆ ಗಾಡಿಯ ಹಲಗೆ, ಸಲಿಕೆ, ಬಾಂಡ್ಲಿ ಎಲ್ಲವನ್ನೂ ಎತ್ತಿ ನೋಡಿದ್ದಾಯಿತು. ಮುನಿಶಾಮಿ ಹೊಸ ಹಾಳೆ ತೆಗೆದು ಬರೆಯಲು ಕೂತ. ತನ್ನ ಅಂಗಶೋಧನೆ ಕೊಟ್ಟೆನೆಂದು ಬರೆದ. ಹಿಂದೆ ನೂರು ಸಲ ಬರೆದ ಮಾತು, ನಿಜವಾಗಿ ಬರೆದದ್ದು ಅವತ್ತೇ. ಶೋಧಿಸಲಾಗಿ ಏನೂ ದೊರೆಯಲಿಲ್ಲ ಎಂದು ಬರೆಯಲು ಪೆನ್ನು ಊರಿದ.

"ಏನೂ ಅಂತ ಬರೀಬ್ಯಾಡ್ರಿ" ಎಂದಳು ಯಂಕಮ್ಮ. "ಏನು ಸಿಕ್ಕದೋ ಅದನ್ನ ಬರೀರಿ. ಜ್ವಾಳದ ರೊಟ್ಟಿ ಹನ್ನೊಂದು. ಪುಂಡಿಪಲ್ಯಾ ಒಂದು ಡಬ್ಬಿ. ಕೆಂಪಿಂಡಿ ಚಟ್ನಿ ಒಂದು ಪೊಟ್ಟಣ. ಉಳ್ಳಾಗಡ್ಡಿ ನಾಕು."

"ಉಳ್ಳಾಗಡ್ಡಿ ಅಂದ್ರೆ?"

"ಈರುಳ್ಳಿ ಸಾಬ್" ಎಂದಳು ಸಾಬಿರಾ.

ಬರೆದ. ಸಾಮಾನಿನ ಗಾಡಿಯಲ್ಲಿ ಇಬ್ಬರು ಹೆಂಗಸರು ಕೂತಿದ್ದಕ್ಕೆ ದಂಡ ಎಂದೂ ಸೇಡಿನಿಂದ ಸೇರಿಸಿದ. "ಅದು ಖರೇ. ರಶೀದಿ ಹರೀರಿ" ಎಂದಳು ಯಂಕಮ್ಮ. ರಾಮಲಕ್ಷ್ಮಮ್ಮ ಎರಡು ಸಲ ಓದಿ ಸಹಿ ಮಾಡಿದರು. ಪೆನ್ನನ್ನು ಗಂಡನ ಕೈಗೆ ಕೊಟ್ಟರು. ಮುನಿರಾಜಪ್ಪ ಯಾವ ಜಾಗಕ್ಕೆ ಎಂದು ಕೇಳಿದರು. ಹೆಂಡತಿ ತನ್ನ ಕನ್ನಡಕ ತೆಗೆದು ಅವರ ಮೂಗಿನ ಮೇಲಿಟ್ಟರು.

"ಓದಿ."

ಅವರು ಓದಿದರು. ತುಟಿ ಅಲ್ಲಾಡಿಸುತ್ತಾ, ಬೆರಳಿಟ್ಟು ಓದಿದರು. ಓದುತ್ತಾ ಓದುತ್ತಾ ಅವರ ಮುಖ ಇಳಿಯಿತು. ಈ ಹಾಳೆಯಲ್ಲಿ ಸುಳ್ಳೇನೂ ಇರಲಿಲ್ಲ. ಹತ್ತು ವರ್ಷ ಓದದೆ ಬಿಟ್ಟ ಹಾಳೆಗಳು ಅವರ ಕಣ್ಣ ಮುಂದೆ ಬಂದಿರಬೇಕು.

ಉಮಾಶ್ರೀ ಆಗ ಗಾಡಿಯ ಪಕ್ಕದಿಂದ ಹೊರಟಳು. ಸೀದಾ ಬಂದು ಮುನಿರಾಜಪ್ಪನವರ ಎದುರು ನಿಂತಳು.

"ಮಾಲಕರ, ನನ್ನ ಗಂಡನ ಪಂಚನಾಮಿದಾಗೂ ನಿಮ್ಮ ಸಹಿ ಅದ. ವಕೀಲರು ತೋರಿಸ್ಯಾರ. ಮುಂದಿನ ವಾರ ಮೇಯೋ ಹಾಲ್ ಕೋರ್ಟಿನ್ಯಾಗ ನಿಮ್ಮನ್ನ ಕರೀತಾರ. ಅವತ್ತ ಈ ಸಾಹೇಬ್ರು ಕಿಸೆ ತೋರಿಸಿದ್ರೇನ್ರಿ? ತಂತಿ ತೆಗೆದದ್ದು ನೀವು ನೋಡೀರೇನ್ರಿ?"

ಮುನಿಶಾಮಿ ಕೆಮ್ಮಿದ. ಮುನಿರಾಜಪ್ಪ ಅವನತ್ತ ನೋಡಲಿಲ್ಲ. ಹೆಂಡತಿಯತ್ತಲೂ ನೋಡಲಿಲ್ಲ. ಕನ್ನಡಕದ ಒಳಗಿನಿಂದ ಅವರ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು.

"ಇಲ್ಲ ಕಣಮ್ಮಾ" ಎಂದರು. "ನಾನು ಅಲ್ಲಿ ಟೀ ಕುಡೀತಾ ಇದ್ದೆ."

"ಅಷ್ಟ ಹೇಳ್ರಿ" ಎಂದಳು ಉಮಾಶ್ರೀ. "ಕೋರ್ಟಿನ್ಯಾಗ ಮತ್ತೇನೂ ಹೇಳಬ್ಯಾಡ್ರಿ. ಟೀ ಕುಡೀಲಾಕತ್ತಿದ್ದೆ ಅಂತ ಅಷ್ಟ ಹೇಳ್ರಿ."